ವ್ಯೂಸ್ ಲಕ್ಷ ಬಂತು, ಗಿರಾಕಿ ಯಾಕೆ ಬರಲಿಲ್ಲ?

ತುಮಕೂರಿನ ಚಿಕ್ಕಪೇಟೆಯಲ್ಲಿ ಒಂದು ಸಣ್ಣ ಸೀರೆ ಅಂಗಡಿ ಇದೆ ಅಂದುಕೊಳ್ಳಿ. ಮಾಲೀಕರ ಮಗಳು ಹೊಸ ಸೀರೆಗಳನ್ನು ತೋರಿಸಿ ಇನ್‌ಸ್ಟಾಗ್ರಾಮ್‌ನಲ್ಲಿ ಒಂದು ರೀಲ್ ಹಾಕುತ್ತಾಳೆ. ಮೂರನೇ ದಿನಕ್ಕೆ ಲಕ್ಷ ವ್ಯೂಸ್. ಮನೆಮಂದಿಗೆಲ್ಲ ಖುಷಿ. ಆದರೆ ವಾರ ಕಳೆದರೂ ಅಂಗಡಿಗೆ ಬಂದವರು ಅದೇ ಹಳೇ ಗಿರಾಕಿಗಳು. ಪಕ್ಕದ ಬೀದಿಯಲ್ಲಿ ಇನ್ನೊಬ್ಬರ ಅಂಗಡಿ ಇದೆ. ಅವರ ವಿಡಿಯೊ ಮುನ್ನೂರು ಜನ ನೋಡಿದರೆ ಅದೇ ಹೆಚ್ಚು. ಆದರೆ ಬೆಳಿಗ್ಗೆ ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕಿದ ಸೀರೆ ಮಧ್ಯಾಹ್ನದ ಊಟದೊಳಗೆ ಮಾರಾಟ ಆಗಿರುತ್ತದೆ.

ಇದು ಅದೃಷ್ಟದ ಮಾತಲ್ಲ. ಸೋಷಿಯಲ್ ಮೀಡಿಯಾ ಅಂತ ನಾವು ಒಟ್ಟಿಗೆ ಕರೆಯುವ ಈ ಆ್ಯಪ್‌ಗಳು ಒಳಗೆ ಒಂದೇ ಥರ ಕೆಲಸ ಮಾಡುವುದಿಲ್ಲ. ಇನ್‌ಸ್ಟಾಗ್ರಾಮ್, ಯೂಟ್ಯೂಬ್ ಶಾರ್ಟ್ಸ್ ನೋಡುವವರ ಆಸಕ್ತಿಯ ಮೇಲೆ ನಡೆಯುತ್ತವೆ. ಗೂಗಲ್ ಮ್ಯಾಪ್ ದೂರ ಎಷ್ಟು ಅಂತ ಅಳೆಯುತ್ತದೆ. ವಾಟ್ಸ್‌ಆ್ಯಪ್ ನಡೆಯುವುದು ಪರಿಚಯದ ಮೇಲೆ. ಆಸಕ್ತಿ, ದೂರ, ಪರಿಚಯ. ನಿಮ್ಮ ವ್ಯಾಪಾರ ಈ ಮೂರರಲ್ಲಿ ಯಾವುದರಿಂದ ಬದುಕುತ್ತದೆ ಅನ್ನೋದು ಗೊತ್ತಿಲ್ಲದೆ ಪೋಸ್ಟ್ ಹಾಕುತ್ತಾ ಹೋದರೆ ಶ್ರಮ ಒಂದು ಕಡೆ, ಗಿರಾಕಿ ಇನ್ನೊಂದು ಕಡೆ ಆಗುತ್ತದೆ. ನಮ್ಮ ಜಿಲ್ಲೆಯಲ್ಲಿ ಎಷ್ಟೋ ಜನ, ಅದರಲ್ಲೂ ಮನೆಯಿಂದಲೇ ದುಡಿಯುವ ಹೆಣ್ಣುಮಕ್ಕಳು, ಇಡೀ ದಿನ ಕೆಲಸ ಮಾಡಿ ರಾತ್ರಿ ಕೂತು ವಿಡಿಯೊ ಎಡಿಟ್ ಮಾಡುತ್ತಾರೆ. ಆ ಶ್ರಮ ವ್ಯರ್ಥ ಆಗಬಾರದು ಅನ್ನೋದೇ ಈ ಬರಹದ ಆಸೆ.

ರೀಲ್ ಓಡುವುದು ಹೇಗೆ

ನೀವು ಹಾಕಿದ ರೀಲ್ ತಕ್ಷಣ ಎಲ್ಲರಿಗೂ ಹೋಗುವುದಿಲ್ಲ. ಇನ್‌ಸ್ಟಾಗ್ರಾಮ್ ಮೊದಲು ಅದನ್ನು ಒಂದಿಷ್ಟು ಜನರಿಗೆ ತೋರಿಸುತ್ತದೆ. ಅವರಲ್ಲಿ ನಿಮ್ಮ ಫಾಲೋವರ್ಸ್ ಇರುತ್ತಾರೆ, ನಿಮ್ಮ ಹೆಸರೇ ಕೇಳದವರೂ ಇರುತ್ತಾರೆ. ಆಮೇಲೆ ಅವರು ಏನು ಮಾಡುತ್ತಾರೆ ಅಂತ ಗಮನಿಸುತ್ತದೆ. ಎರಡೇ ಸೆಕೆಂಡಿಗೆ ಮೇಲಕ್ಕೆ ತಳ್ಳಿಬಿಟ್ಟರಾ? ಕೊನೆಯವರೆಗೂ ನೋಡಿದರಾ? ಅಕ್ಕನಿಗೋ ಗೆಳತಿಗೋ ಕಳಿಸಿದರಾ? ಇನ್‌ಸ್ಟಾಗ್ರಾಮ್ ಮುಖ್ಯಸ್ಥ ಆಡಮ್ ಮೊಸೆರಿ 2025ರ ಆರಂಭದಲ್ಲಿ ಇದನ್ನು ಬಿಡಿಸಿ ಹೇಳಿದ್ದರು. ಎಷ್ಟು ಹೊತ್ತು ನೋಡಿದರು, ನೋಡಿದವರಲ್ಲಿ ಎಷ್ಟು ಜನ ಲೈಕ್ ಒತ್ತಿದರು, ಎಷ್ಟು ಜನ ಬೇರೆಯವರಿಗೆ ಕಳಿಸಿದರು, ಈ ಮೂರಕ್ಕೆ ತೂಕ ಜಾಸ್ತಿ. ಅದರಲ್ಲೂ ನಿಮ್ಮನ್ನು ಫಾಲೋ ಮಾಡದ ಹೊಸಬರನ್ನು ತಲುಪಬೇಕಾದರೆ ಲೈಕ್‌ಗಿಂತ ಕಳಿಸುವುದೇ ಮುಖ್ಯ.

ಮೊದಲ ಗುಂಪು ಚೆನ್ನಾಗಿ ನೋಡಿದರೆ ರೀಲ್ ಇನ್ನೂ ದೊಡ್ಡ ಗುಂಪಿಗೆ ಹೋಗುತ್ತದೆ. ಅಲ್ಲೂ ನಿಂತರೆ ಅದಕ್ಕಿಂತ ದೊಡ್ಡದಕ್ಕೆ. ಇದರಲ್ಲಿ ಒಂದು ವಿಷಯ ಗಮನಿಸಿ. ಈ ದಾರಿಯಲ್ಲಿ ಎಲ್ಲೂ 'ಇವರು ತುಮಕೂರಿಗೆ ಬಂದು ಸೀರೆ ಕೊಳ್ಳೋಕೆ ಆಗುತ್ತಾ?' ಅನ್ನೋದು ಮುಖ್ಯ ಪ್ರಶ್ನೆಯೇ ಅಲ್ಲ. ಸೀರೆ ಇಷ್ಟಪಡುವವರು ಎಲ್ಲಿದ್ದರೂ ಅವರಿಗೆ ಸೀರೆ ಕಾಣಿಸುತ್ತದೆ. ಬೆಳಗಾವಿಯಲ್ಲಿರುವವರು, ದುಬೈನಲ್ಲಿರುವ ಕನ್ನಡಿಗರು, ಎಲ್ಲರೂ ನೋಡುತ್ತಾರೆ, ಲೈಕ್ ಒತ್ತುತ್ತಾರೆ, ಮುಂದೆ ಹೋಗುತ್ತಾರೆ. ಲಕ್ಷ ವ್ಯೂಸ್ ಬಂದು ಗಿರಾಕಿ ಬಾರದೇ ಇರುವುದಕ್ಕೆ ಇದೇ ಕಾರಣ. ಅಂಗಡಿಗೆ ಸಿಕ್ಕಿದ್ದು ನೋಡುಗರು. ಅವರಲ್ಲಿ ಕೊಳ್ಳುವಷ್ಟು ಹತ್ತಿರ ಇದ್ದವರು ಬೆರಳೆಣಿಕೆಯವರು.

ಹಾಗಾದರೆ ರೀಲ್ಸ್ ಬೇಡವಾ? ಅದು ನಿಮ್ಮ ಸರಕಿನ ಮೇಲೆ ನಿಂತಿದೆ. ಕೊರಿಯರ್‌ನಲ್ಲಿ ಹೋಗುವ ವಸ್ತು ಮಾರುವವರಿಗೆ ದೂರದ ನೋಡುಗರೂ ಗಿರಾಕಿಗಳೇ. ಗಾಣದ ಎಣ್ಣೆ, ಹುರಿಹಿಟ್ಟು, ಉಪ್ಪಿನಕಾಯಿ, ಕೊಬ್ಬರಿ, ಕೈಹೆಣಿಗೆಯ ಚೀಲ ಇಂಥವರು ಇನ್‌ಸ್ಟಾಗ್ರಾಮ್ ಬಿಡಲೇಬಾರದು. ಹೋಟೆಲ್, ಸಲೂನ್, ಟೈಲರಿಂಗ್, ಸೈಕಲ್ ರಿಪೇರಿ, ಟ್ಯೂಷನ್ ನಡೆಸುವವರಿಗೆ ಬೇಕಾಗಿರುವುದು ಹತ್ತು ಕಿಲೋಮೀಟರ್ ಒಳಗಿನ ಜನ. ಅವರೂ ರೀಲ್ ಹಾಕಬಹುದು, ಆದರೆ ಊರಿನ ಜನಕ್ಕೆ ಹಿಡಿಸುವ ಹಾಗೆ ಹಾಕಬೇಕು. ಮೊದಲ ಮಾತಲ್ಲೇ ಜಾಗದ ಹೆಸರು ಬರಲಿ. 'ಗುಬ್ಬಿ ಗೇಟ್ ಹತ್ರ', 'ಎಸ್.ಎಸ್. ಪುರಂ ಮೇನ್ ರೋಡಲ್ಲಿ' ಅಂದ ತಕ್ಷಣ ಊರಿನವರ ಬೆರಳು ನಿಲ್ಲುತ್ತದೆ, ದೂರದವರು ಮುಂದೆ ಹೋಗುತ್ತಾರೆ. ವ್ಯೂಸ್ ಕಡಿಮೆ ಆಗುತ್ತದೆ, ನಿಜ. ಅದಕ್ಕೆ ಬೇಜಾರು ಬೇಡ. ನೋಡಿದವರಲ್ಲಿ ಬರಬಲ್ಲವರ ಪಾಲು ಜಾಸ್ತಿ ಆಗುತ್ತದೆ.

ಲೊಕೇಷನ್ ಟ್ಯಾಗ್ ಹಾಕುವುದನ್ನು ಮರೆಯಬೇಡಿ. ಊರಿನ ಹೆಸರನ್ನು ಕನ್ನಡದಲ್ಲೂ ಬರೆಯಿರಿ, ಇಂಗ್ಲಿಷ್ ಅಕ್ಷರಗಳಲ್ಲೂ ಬರೆಯಿರಿ. 2014ರ ನವೆಂಬರ್ 1ರಂದು ಊರಿನ ಹೆಸರಿನ ಇಂಗ್ಲಿಷ್ ಸ್ಪೆಲಿಂಗ್ ಅಧಿಕೃತವಾಗಿ Tumkur ಬದಲು Tumakuru ಅಂತ ಆಯಿತು. ಆದರೂ ಹುಡುಕುವವರಲ್ಲಿ ಬಹಳ ಜನ ಈಗಲೂ ಹಳೇ ಇಂಗ್ಲಿಷ್ ಸ್ಪೆಲಿಂಗ್‌ನಲ್ಲೇ ಟೈಪ್ ಮಾಡುತ್ತಾರೆ. ಎರಡೂ ಸ್ಪೆಲಿಂಗ್ ಹಾಕಿದರೆ ಎರಡೂ ಕಡೆಯವರಿಗೆ ಸಿಗುತ್ತೀರಿ.

ಏನು ತೋರಿಸಬೇಕು?

ಈ ಪ್ರಶ್ನೆಯಲ್ಲೇ ಬಹಳ ಜನ ಸೋಲುತ್ತಾರೆ. ಸರಕನ್ನು ಜೋಡಿಸಿಟ್ಟು, ಹಿಂದೆ ಯಾವುದೋ ಸಿನಿಮಾ ಹಾಡು ಹಾಕಿ, ಮೇಲೆ 'ಆಫರ್ ಆಫರ್' ಅಂತ ಬರೆದು ಬಿಟ್ಟರೆ ಯಾರೂ ನಿಂತು ನೋಡುವುದಿಲ್ಲ. ಬಿಸಿನೆಸ್ ಖಾತೆ ಮಾಡಿಕೊಂಡವರಿಗೆ ಇನ್‌ಸ್ಟಾಗ್ರಾಮ್ ಸಿನಿಮಾ ಹಾಡುಗಳನ್ನು ಬಳಸಲು ಹೆಚ್ಚಾಗಿ ಬಿಡುವುದೂ ಇಲ್ಲ, ಹಕ್ಕುಸ್ವಾಮ್ಯದ ತೊಂದರೆ ಇದೆ. ನನ್ನನ್ನು ಕೇಳಿದರೆ ಇದು ಒಳ್ಳೆಯದೇ ಆಯಿತು. ಹಾಡಿನ ಬದಲು ಅಂಗಡಿಯವರು ತಾವೇ ಮಾತಾಡಿದರೆ ಎಷ್ಟೋ ವಾಸಿ. ನಮ್ಮ ಕಡೆಯ ಮಾತಿನಲ್ಲೇ ಆಡಲಿ. ಪಾವಗಡದ ಅಂಗಡಿಯವರು ನಡುವೆ ನಾಲ್ಕು ತೆಲುಗು ಮಾತು ಸೇರಿಸಿದರೆ ಅಲ್ಲಿನ ಗಿರಾಕಿಗೆ ಇನ್ನೂ ಹತ್ತಿರ ಆಗುತ್ತಾರೆ.

ಜನ ನಿಂತು ನೋಡುವುದು ತಮಗೆ ಗೊತ್ತಿಲ್ಲದ ಕೆಲಸವನ್ನು. ತಿಪಟೂರಿನ ಉಂಡೆ ಕೊಬ್ಬರಿ ದೇಶಕ್ಕೆಲ್ಲ ಗೊತ್ತು. ಆದರೆ ಬಲಿತ ತೆಂಗಿನಕಾಯಿಯನ್ನು ಅಟ್ಟದ ಮೇಲೆ ಎಂಟು ತಿಂಗಳಿಂದ ಒಂದು ವರ್ಷದವರೆಗೆ ಹಾಗೇ ಬಿಟ್ಟಿರುತ್ತಾರೆ, ಒಳಗಿನ ನೀರು ತಾನಾಗೇ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲುಗಾಡಿಸಿದರೆ ಒಳಗೆ ಸದ್ದು ಬರುತ್ತದೆ ಅನ್ನೋದು ಬೆಂಗಳೂರಿನಲ್ಲಿ ಎಷ್ಟು ಜನಕ್ಕೆ ಗೊತ್ತು? ಕೊಬ್ಬರಿ ಮಾರುವವರಿಗೆ ಇದಕ್ಕಿಂತ ಒಳ್ಳೆ ರೀಲ್ ಬೇಕಾ? ಅಟ್ಟ ತೋರಿಸಿ. ಕಾಯಿ ಅಲುಗಾಡಿಸಿ ಆ ಸದ್ದು ಕೇಳಿಸಿ. ಸುಲಿಯುವವರ ಕೈ ಎಷ್ಟು ವೇಗವಾಗಿ ಓಡುತ್ತದೆ ಅಂತ ತೋರಿಸಿ. ಚಿಪ್ಪು ಒಡೆದು ಉಂಡೆ ಹೊರಗೆ ಬರುವ ಗಳಿಗೆಯನ್ನು ಕೊನೆಗೆ ಇಡಿ. ಅದನ್ನು ನೋಡಲು ಜನ ಕೊನೆವರೆಗೂ ಕಾಯುತ್ತಾರೆ. ನೋಡಿದವರಿಗೆ ಬೆಲೆ ಯಾಕೆ ಅಷ್ಟು ಅನ್ನೋದೂ ಹೇಳದೆಯೇ ಅರ್ಥವಾಗುತ್ತದೆ. ಒಂದು ವರ್ಷ ಅಟ್ಟದಲ್ಲಿ ಕಾದ ಸರಕು ಅಲ್ವಾ?

ಗುಬ್ಬಿ ತಾಲ್ಲೂಕಿನ ಚೇಳೂರಿನ ಸಿದ್ದು ಹಲಸನ್ನೂ ಹೀಗೇ ನೋಡಬಹುದು. ತಳಿಯಾಗಿ ಅದರ ಗುಣವನ್ನು ಗುರುತಿಸಿದ್ದು ಹಿರೇಹಳ್ಳಿಯಲ್ಲಿ ಕೇಂದ್ರ ಇರುವ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು. ಆದರೆ ಫೋಟೊ ನೋಡಿದ ಸಾಮಾನ್ಯ ಜನರನ್ನು ಹಿಡಿದು ನಿಲ್ಲಿಸುವುದು ಒಂದೇ ಸಂಗತಿ. ಹಣ್ಣು ಸೀಳಿದಾಗ ಕಾಣುವ ಆ ತಾಮ್ರಗೆಂಪಿನ ತೊಳೆ. ನಿಮ್ಮ ಸರಕಿನಲ್ಲೂ ಹಾಗೆ ಕಣ್ಣಿಗೆ ಹೊಡೆಯುವ ಒಂದು ಗಳಿಗೆ ಇರುತ್ತದೆ. ತಟ್ಟೆ ಇಡ್ಲಿಯ ಪಾತ್ರೆಯ ಮುಚ್ಚಳ ತೆಗೆದಾಗ ಏಳುವ ಹಬೆ, ಹೊಲಿದ ರವಿಕೆಯ ಒಳಮಗ್ಗುಲಿನ ಅಚ್ಚುಕಟ್ಟು, ಗಾಣದಿಂದ ಬೀಳುವ ಮೊದಲ ಎಣ್ಣೆ. ಅದನ್ನು ಹುಡುಕಿ ಹಗಲು ಬೆಳಕಿನಲ್ಲಿ, ಲೆನ್ಸ್ ಒರೆಸಿದ ಫೋನಿನಲ್ಲಿ ಹಿಡಿಯಿರಿ. ದುಬಾರಿ ಕ್ಯಾಮೆರಾ ಬೇಕಿಲ್ಲ. ಮಾತಾಡಿದ್ದನ್ನು ಪರದೆಯ ಮೇಲೆ ಅಕ್ಷರದಲ್ಲೂ ಹಾಕಿ, ಯಾಕೆಂದರೆ ಬಸ್ಸಲ್ಲಿ ಕೂತವರು ಸದ್ದು ನಿಲ್ಲಿಸಿಯೇ ನೋಡುತ್ತಾರೆ.

ಫಾಲೋವರ್ಸ್ ದುಡ್ಡಿಗೆ ಕೊಡುತ್ತೇವೆ ಅಂತ ಬರುವವರನ್ನು ಹತ್ತಿರ ಸೇರಿಸಬೇಡಿ. ಕೊಂಡ ಫಾಲೋವರ್ಸ್ ನಿಮ್ಮ ವಿಡಿಯೊ ನೋಡುವುದಿಲ್ಲ. ರೀಲ್ ಮೊದಲು ಹೋಗುವ ಗುಂಪಿನಲ್ಲಿ ಅವರೇ ತುಂಬಿಕೊಂಡಿದ್ದರೆ ಅಲ್ಲೇ ಅದು ಬಿದ್ದುಹೋಗುತ್ತದೆ. ದುಡ್ಡು ಕೊಟ್ಟು ನಿಮ್ಮ ದಾರಿಗೆ ನೀವೇ ಅಡ್ಡ ಹಾಕಿಕೊಂಡ ಹಾಗೆ.

ದೂರ ಅಳೆಯುವ ಗೂಗಲ್

ಗೂಗಲ್ ಮ್ಯಾಪ್ ಅನ್ನು ಜನ ಸೋಷಿಯಲ್ ಮೀಡಿಯಾ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಊರಿನ ಅಂಗಡಿಗೆ ಅದರಿಂದ ಆಗುವಷ್ಟು ಉಪಕಾರ ರೀಲ್ಸ್‌ನಿಂದ ಆಗುವುದಿಲ್ಲ ಅನ್ನೋದು ನನ್ನ ನಂಬಿಕೆ. ಕಾರಣ ಸರಳ. ರೀಲ್ ನೋಡುವವರು ಹೊತ್ತು ಕಳೆಯಲು ನೋಡುತ್ತಾರೆ. ಮ್ಯಾಪ್ ತೆರೆಯುವವರು ಆಗಲೇ ಕೊಳ್ಳುವ ಮನಸ್ಸು ಮಾಡಿರುತ್ತಾರೆ.

ಬೆಂಗಳೂರಿನಿಂದ ಪುಣೆ ಕಡೆಗೆ ಹೋಗುವ 48ನೇ ರಾಷ್ಟ್ರೀಯ ಹೆದ್ದಾರಿ ತುಮಕೂರನ್ನು ದಾಟಿ ಶಿರಾ ಮೇಲೆ ಹೋಗುತ್ತದೆ. ಬೆಂಗಳೂರು ಬಿಟ್ಟು ಸುಮಾರು 70 ಕಿಲೋಮೀಟರ್ ಬರುವ ಹೊತ್ತಿಗೆ ಕಾರಿನಲ್ಲಿ ಇದ್ದವರಿಗೆ ಹಸಿವಾಗಿರುತ್ತದೆ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಹೆಸರು ಕೇಳಿದವರು ಫೋನಿನಲ್ಲಿ ಹುಡುಕುತ್ತಾರೆ. ಆಗ ಯಾವ ಹೋಟೆಲ್ ಮೇಲೆ ಬರಬೇಕು ಅಂತ ಗೂಗಲ್ ಮೂರು ವಿಷಯ ನೋಡಿ ತೀರ್ಮಾನಿಸುತ್ತದೆ: ಹುಡುಕಿದ್ದಕ್ಕೂ ನಿಮ್ಮ ಅಂಗಡಿಗೂ ಹೊಂದಿಕೆ ಇದೆಯಾ, ಹುಡುಕುವವರಿಂದ ಎಷ್ಟು ದೂರ ಇದೆ, ಅಂಗಡಿಗೆ ಎಷ್ಟು ಹೆಸರಿದೆ. ಇದನ್ನು ಗೂಗಲ್ ತಾನೇ ಹೇಳಿಕೊಂಡಿದೆ. ದೂರವನ್ನು ನೀವು ಬದಲಿಸೋಕೆ ಆಗುವುದಿಲ್ಲ. ಉಳಿದ ಎರಡು ನಿಮ್ಮ ಕೈಯಲ್ಲಿವೆ.

ಮೊದಲು ಗೂಗಲ್ ಬಿಸಿನೆಸ್ ಪ್ರೊಫೈಲ್ ಮಾಡಿಕೊಳ್ಳಿ. ಇದು ಉಚಿತ. 2021ರವರೆಗೆ ಇದರ ಹೆಸರು ಗೂಗಲ್ ಮೈ ಬಿಸಿನೆಸ್ ಅಂತ ಇತ್ತು. ಅಂಗಡಿ ನಿಮ್ಮದೇ ಅಂತ ವಿಡಿಯೊ ಅಥವಾ ಫೋನ್ ಮೂಲಕ ಖಾತ್ರಿ ಮಾಡಿಕೊಂಡು ಗೂಗಲ್ ನಿಮಗೆ ಬಿಟ್ಟುಕೊಡುತ್ತದೆ. ಮಾಡಿಸಿಕೊಡಲು ಸಾವಿರಾರು ರೂಪಾಯಿ ಕೇಳುವವರು ಫೋನ್ ಮಾಡುತ್ತಾರೆ, ಗೂಗಲ್‌ನಿಂದಲೇ ಮಾತಾಡುತ್ತಿದ್ದೇವೆ ಅಂತಲೂ ಹೇಳುತ್ತಾರೆ. ಕೊಡಬೇಡಿ. ಮನೆಯಲ್ಲಿ ಕಾಲೇಜಿಗೆ ಹೋಗುವ ಮಗ ಅಥವಾ ಮಗಳು ಇದ್ದರೆ ಒಂದು ಸಂಜೆಯಲ್ಲಿ ಮುಗಿಯುವ ಕೆಲಸ.

ಪಿನ್ ಸರಿಯಾಗಿ ಅಂಗಡಿ ಬಾಗಿಲಿನ ಮೇಲೇ ಬಿದ್ದಿದೆಯಾ ನೋಡಿ. ಹೆದ್ದಾರಿಯಲ್ಲಿ ಪಿನ್ ರಸ್ತೆಯ ಆಚೆ ಬದಿಗೆ ಬಿದ್ದಿದ್ದರೆ ಕಾರಿನವರು ತಿರುಗಿಸಿಕೊಂಡು ಬರುವುದಿಲ್ಲ, ಮುಂದೆ ಹೋಗಿಬಿಡುತ್ತಾರೆ. ತೆರೆಯುವ, ಮುಚ್ಚುವ ಸಮಯ ನಿಜವಾದದ್ದೇ ಇರಲಿ. ಬೆಳಿಗ್ಗೆ ಆರಕ್ಕೆ ಒಲೆ ಹಚ್ಚುವ ಹೋಟೆಲ್ ಗೂಗಲ್‌ನಲ್ಲಿ ಒಂಬತ್ತಕ್ಕೆ ತೆರೆಯುತ್ತದೆ ಅಂತ ಇದ್ದರೆ ತಿಂಡಿ ಹೊತ್ತಿನ ಗಿರಾಕಿಗೆ 'ಮುಚ್ಚಿದೆ' ಅಂತಲೇ ಕಾಣುತ್ತದೆ. ಹಬ್ಬದ ರಜೆಯನ್ನೂ ಹಾಕಿ. ರಸ್ತೆಯಿಂದ ಬೋರ್ಡ್ ಹೇಗೆ ಕಾಣುತ್ತದೆ ಅನ್ನುವ ಫೋಟೊ ಒಂದಿರಲಿ, ಹುಡುಕಿಕೊಂಡು ಬರುವವರಿಗೆ ಅದೇ ಗುರುತು.

ಮನೆಯಿಂದಲೇ ಟೈಲರಿಂಗ್ ಅಥವಾ ಕೇಕ್ ಮಾಡುವ ಹೆಣ್ಣುಮಕ್ಕಳು ಮನೆ ವಿಳಾಸ ಎಲ್ಲರಿಗೂ ಕಾಣುತ್ತದಲ್ಲ ಅಂತ ಹಿಂಜರಿಯುತ್ತಾರೆ. ಹಿಂಜರಿಕೆ ಸರಿಯಾದದ್ದೇ. ಅದಕ್ಕೆ ದಾರಿ ಇದೆ. ವಿಳಾಸವನ್ನು ಮರೆಮಾಡಿ, ಯಾವ ಬಡಾವಣೆಗಳಿಗೆ ಕೆಲಸ ಮಾಡಿಕೊಡುತ್ತೀರಿ ಅನ್ನೋದನ್ನು ಮಾತ್ರ ತೋರಿಸಲು ಗೂಗಲ್‌ನಲ್ಲಿ ಅವಕಾಶವಿದೆ.

ರಿವ್ಯೂ ಕೇಳಲು ಸಂಕೋಚ ಬೇಡ. ಚೆನ್ನಾಗಿತ್ತು ಅಂದ ಗಿರಾಕಿಗೆ 'ಅದನ್ನೇ ಗೂಗಲ್‌ನಲ್ಲಿ ಎರಡು ಸಾಲು ಬರೀತೀರಾ' ಅನ್ನಿ. ಆದರೆ ರಿವ್ಯೂ ಬರೆದರೆ ರಿಯಾಯಿತಿ ಕೊಡುತ್ತೇವೆ ಅನ್ನುವುದು ಗೂಗಲ್ ನಿಯಮಕ್ಕೆ ವಿರುದ್ಧ. ಕೆಟ್ಟ ರಿವ್ಯೂ ಬಂದರೆ ಜಗಳಕ್ಕೆ ನಿಲ್ಲಬೇಡಿ. ಏನಾಯಿತು, ಏನು ಸರಿಮಾಡಿದೆವು ಅಂತ ತಣ್ಣಗೆ ಉತ್ತರ ಬರೆಯಿರಿ. ಆ ಉತ್ತರವನ್ನು ಓದುವವರು ಮುಂದೆ ಬರಲಿರುವ ಗಿರಾಕಿಗಳು.

ಪರಿಚಯದ ಮೇಲೆ ನಿಂತ ವಾಟ್ಸ್‌ಆ್ಯಪ್

ನಮ್ಮ ಕಡೆ ವ್ಯಾಪಾರ ಕೊನೆಗೆ ಮುಗಿಯುವುದು ವಾಟ್ಸ್‌ಆ್ಯಪ್‌ನಲ್ಲೇ. ಇನ್‌ಸ್ಟಾಗ್ರಾಮ್‌ನಲ್ಲಿ ನೋಡಿದವರೂ 'ನಂಬರ್ ಕೊಡಿ' ಅಂತಲೇ ಕೇಳುತ್ತಾರೆ. ಹಾಗಾಗಿ ಇದನ್ನು ಸರಿಯಾಗಿ ಕಟ್ಟಿಕೊಂಡ ಮೇಲೆ ಉಳಿದದ್ದಕ್ಕೆ ಕೈ ಹಾಕುವುದು ಒಳ್ಳೆಯದು.

ಮಾಮೂಲಿ ವಾಟ್ಸ್‌ಆ್ಯಪ್ ಬದಲು ವಾಟ್ಸ್‌ಆ್ಯಪ್ ಬಿಸಿನೆಸ್ ಹಾಕಿಕೊಳ್ಳಿ. 2018ರಲ್ಲಿ ಬಂದ ಈ ಆ್ಯಪ್ ಕೂಡ ಉಚಿತ. ಬೇರೆ ನಂಬರ್ ಇದ್ದರೆ ಒಂದೇ ಫೋನಿನಲ್ಲಿ ಎರಡೂ ಇರುತ್ತವೆ. ಅಂಗಡಿಯ ಲ್ಯಾಂಡ್‌ಲೈನ್ ನಂಬರನ್ನೂ ಇದಕ್ಕೆ ಜೋಡಿಸಬಹುದು. ಮನೆಯ ಮಾತು, ನೆಂಟರ ಗ್ರೂಪು ಒಂದು ಕಡೆ, ವ್ಯಾಪಾರ ಒಂದು ಕಡೆ ಇದ್ದರೆ ರಾತ್ರಿ ಹತ್ತಕ್ಕೆ ಬರುವ 'ರೇಟ್ ಎಷ್ಟು' ಅನ್ನುವ ಮೆಸೇಜ್ ಮನೆಯ ನೆಮ್ಮದಿ ಕೆಡಿಸುವುದಿಲ್ಲ. ಅಂಗಡಿ ಮುಚ್ಚಿದ ಹೊತ್ತಿಗೆ ತಾನಾಗೇ ಹೋಗುವ ಉತ್ತರವನ್ನು ಬರೆದಿಡಬಹುದು. ಪದೇ ಪದೇ ಬರುವ ಪ್ರಶ್ನೆಗಳಿಗೆ ಉತ್ತರಗಳನ್ನು ಮೊದಲೇ ಉಳಿಸಿಟ್ಟುಕೊಂಡರೆ ಒಂದೊಂದು ಸಲವೂ ಟೈಪ್ ಮಾಡುವುದು ತಪ್ಪುತ್ತದೆ. 'ಹೊಸ ಆರ್ಡರ್', 'ದುಡ್ಡು ಬಾಕಿ', 'ತಲುಪಿಸಿದೆ' ಅಂತ ಲೇಬಲ್ ಹಾಕಿಟ್ಟರೆ ಯಾರದೂ ಮರೆಯುವುದಿಲ್ಲ.

ಇದರಲ್ಲಿ ಕ್ಯಾಟಲಾಗ್ ಅನ್ನುವುದು ದೊಡ್ಡ ಅನುಕೂಲ. ಪ್ರತಿ ವಸ್ತುವಿನ ಫೋಟೊ, ಬೆಲೆ, ಅಳತೆ ಒಂದೇ ಕಡೆ ಇರುತ್ತದೆ. ಬೆಲೆಯನ್ನು ದಯವಿಟ್ಟು ಬರೆಯಿರಿ. 'ಬೆಲೆಗೆ ಮೆಸೇಜ್ ಮಾಡಿ' ಅನ್ನುವ ಪದ್ಧತಿ ನನಗೆ ಸ್ವಲ್ಪವೂ ಸರಿ ಕಾಣುವುದಿಲ್ಲ. ಕೇಳಲು ಸಂಕೋಚ ಪಡುವ ಗಿರಾಕಿ ನಮ್ಮೂರಲ್ಲಿ ಬಹಳ. ಕೇಳಿ ಆಮೇಲೆ ಬೇಡ ಅನ್ನಬೇಕಾಗುತ್ತದಲ್ಲ ಅಂತ ಅವರು ಕೇಳುವುದೇ ಇಲ್ಲ. ಬೆಲೆ ಕಂಡರೆ ಮನೆಯಲ್ಲೇ ಲೆಕ್ಕ ಹಾಕಿಕೊಂಡು ನೇರ ಆರ್ಡರ್ ಕೊಡುತ್ತಾರೆ.

ಬ್ರಾಡ್‌ಕಾಸ್ಟ್ ಲಿಸ್ಟ್ ಬಗ್ಗೆ ಸರಿಯಾಗಿ ತಿಳಿದುಕೊಳ್ಳಿ. ಒಂದು ಲಿಸ್ಟ್‌ಗೆ 256 ಜನರನ್ನು ಸೇರಿಸಬಹುದು. ಒಂದೇ ಸಲ ಕಳಿಸಿದ ಮೆಸೇಜ್ ಎಲ್ಲರಿಗೂ ಬೇರೆ ಬೇರೆಯಾಗಿ ಹೋಗುತ್ತದೆ. ಆದರೆ ಒಂದು ಷರತ್ತಿದೆ. ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಬಹಳ ಜನಕ್ಕೆ ಇದು ಗೊತ್ತಿಲ್ಲ. ಇನ್ನೂರು ಜನಕ್ಕೆ ಕಳಿಸಿದೆ, ಒಬ್ಬರೂ ಉತ್ತರ ಕೊಡಲಿಲ್ಲ ಅಂತ ಕೊರಗುತ್ತಾರೆ. ತಲುಪಿದ್ದರೆ ತಾನೇ ಉತ್ತರ ಬರುವುದು? ಅದಕ್ಕೇ ಬಿಲ್ ಕೊಡುವಾಗಲೇ 'ನಮ್ಮ ನಂಬರ್ ಸೇವ್ ಮಾಡ್ಕೊಳ್ಳಿ, ಹೊಸ ಮಾಲು ಬಂದಾಗ ತಿಳಿಸ್ತೀವಿ' ಅಂತ ಕೇಳಬೇಕು. ಗಲ್ಲಾಪೆಟ್ಟಿಗೆ ಪಕ್ಕ ವಾಟ್ಸ್‌ಆ್ಯಪ್ ಬಿಸಿನೆಸ್‌ನ ಕ್ಯೂಆರ್ ಕೋಡ್ ಅಂಟಿಸಿಟ್ಟರೆ ಸ್ಕ್ಯಾನ್ ಮಾಡಿದ ತಕ್ಷಣ ಗಿರಾಕಿಯ ಫೋನಿನಲ್ಲಿ ನಿಮ್ಮ ಅಂಗಡಿಯ ಚಾಟ್ ತೆರೆದುಕೊಳ್ಳುತ್ತದೆ. ಸ್ಟೇಟಸ್ ಕೂಡ ಹಾಗೆಯೇ. ಇಬ್ಬರೂ ಪರಸ್ಪರ ನಂಬರ್ ಸೇವ್ ಮಾಡಿಕೊಂಡಿದ್ದರೆ ಮಾತ್ರ ಕಾಣುತ್ತದೆ, 24 ಗಂಟೆ ಇದ್ದು ಹೋಗುತ್ತದೆ. ಆ 24 ಗಂಟೆಯೇ ಅದರ ಬಲ. ಇವತ್ತು ಬಂದ ಮಾಲು ಇವತ್ತೇ ಹೋಗಬೇಕು ಅನ್ನುವ ಹೂವು, ಹಣ್ಣು, ತಿಂಡಿ ಮಾರುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಮೊದಲು ಹೇಳಿದ ಪಕ್ಕದ ಬೀದಿಯ ಸೀರೆ ಅಂಗಡಿಯವರ ಗುಟ್ಟೂ ಇದೇ. ಅವರ ಸ್ಟೇಟಸ್ ನೋಡುವವರು ಆಗಲೇ ಒಮ್ಮೆ ಅವರಲ್ಲಿ ಕೊಂಡವರು, ಬಣ್ಣ ಹೋಗುವುದಿಲ್ಲ ಅಂತ ಉಟ್ಟು ನೋಡಿದವರು.

ಗಿರಾಕಿಗಳನ್ನೆಲ್ಲ ಕೇಳದೆ ಒಂದು ಗ್ರೂಪಿಗೆ ಸೇರಿಸುವುದು ತಪ್ಪು. ಗ್ರೂಪಿನಲ್ಲಿ ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುತ್ತದೆ. ಇದರಿಂದ ಹೆಣ್ಣುಮಕ್ಕಳಿಗೆ ಗುರುತಿಲ್ಲದವರ ಮೆಸೇಜ್ ಬರಲು ಶುರುವಾದರೆ ಅವರು ನಿಮ್ಮ ಅಂಗಡಿಯ ಕಡೆ ತಲೆ ಹಾಕುವುದಿಲ್ಲ. ದಿನಕ್ಕೆ ಹತ್ತು ಫಾರ್ವರ್ಡ್ ಕಳಿಸಬೇಡಿ. ಬೇಸತ್ತು ಬಹಳ ಜನ ಬ್ಲಾಕ್ ಮಾಡಿ ರಿಪೋರ್ಟ್ ಕೊಟ್ಟರೆ ವಾಟ್ಸ್‌ಆ್ಯಪ್ ನಿಮ್ಮ ನಂಬರನ್ನೇ ನಿಲ್ಲಿಸಬಹುದು.

ಪರಿಚಯ ಯಾಕೆ ಇಷ್ಟು ಮುಖ್ಯ ಅಂತ ತಿಳಿಯಲು 2020 ನೆನಪಿಸಿಕೊಂಡರೆ ಸಾಕು. ಆ ವರ್ಷ ಜೂನ್ 29ರಂದು ಕೇಂದ್ರ ಸರ್ಕಾರ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿತು. ಸಾವಿರಾರು, ಲಕ್ಷಾಂತರ ಫಾಲೋವರ್ಸ್ ಇದ್ದವರು ಒಂದೇ ದಿನದಲ್ಲಿ ಬರಿಗೈ ಆದರು. ಕೆಲವೇ ದಿನಗಳಲ್ಲಿ ಇನ್‌ಸ್ಟಾಗ್ರಾಮ್ ರೀಲ್ಸ್ ಭಾರತಕ್ಕೆ ಬಂತು, ಎಲ್ಲರೂ ಅಲ್ಲಿ ಸೊನ್ನೆಯಿಂದ ಶುರು ಮಾಡಬೇಕಾಯಿತು. ಫಾಲೋವರ್ಸ್ ಪಟ್ಟಿ ಆ ಕಂಪನಿಯದು. ಗಿರಾಕಿ ತಾನಾಗಿ ಕೊಟ್ಟ ಫೋನ್ ನಂಬರ್ ನಿಮ್ಮದು. ಆ ನಂಬರ್‌ಗಳನ್ನು ಫೋನಿನಲ್ಲಷ್ಟೇ ಇಡದೆ ಒಂದು ಪುಸ್ತಕದಲ್ಲೂ ಬರೆದಿಡಿ.

ದುಡ್ಡು ಹಾಕಿ ಜಾಹೀರಾತು

ಇನ್‌ಸ್ಟಾಗ್ರಾಮ್, ಫೇಸ್‌ಬುಕ್‌ನಲ್ಲಿ 'ಬೂಸ್ಟ್' ಅನ್ನುವ ಬಟನ್ ಸದಾ ಕಣ್ಣಿಗೆ ಬೀಳುತ್ತಿರುತ್ತದೆ. ಅದನ್ನು ಒತ್ತುವ ಮೊದಲು ಒಂದು ಲೆಕ್ಕ ಹಾಕಿ. ಸಾವಿರ ರೂಪಾಯಿ ಜಾಹೀರಾತಿಗೆ ಶೇಕಡಾ 18ರ ಜಿಎಸ್‌ಟಿ ಸೇರಿದರೆ 1,180. ಅದರಿಂದ 20 ಜನ ಮೆಸೇಜ್ ಮಾಡಿದರು, 4 ಜನ ಕೊಂಡರು ಅಂತ ಇಟ್ಟುಕೊಳ್ಳಿ. ಒಬ್ಬ ಗಿರಾಕಿಗೆ ಬಿದ್ದ ಖರ್ಚು 295 ರೂಪಾಯಿ. ಲೀಟರ್ ಎಣ್ಣೆಗೆ 60 ರೂಪಾಯಿ ಉಳಿಯುವ ವ್ಯಾಪಾರಕ್ಕೆ ಇದು ನಷ್ಟ. ಅದೇ ಗಿರಾಕಿ ವರ್ಷವಿಡೀ ತಿಂಗಳಿಗೊಂದು ಲೀಟರ್ ಕೊಂಡರೆ ಲಾಭ. ಮದುವೆ ರವಿಕೆಗೆ ಕಸೂತಿ ಹಾಕುವವರಿಗೆ ಮೊದಲ ಆರ್ಡರಿನಲ್ಲೇ ಲಾಭ. ಅಂದರೆ ಜಾಹೀರಾತು ಒಳ್ಳೆಯದಾ ಕೆಟ್ಟದ್ದಾ ಅನ್ನುವ ಪ್ರಶ್ನೆಗೆ ಉತ್ತರ ನಿಮ್ಮ ಲಾಭದಲ್ಲಿದೆ, ಗಿರಾಕಿ ಮತ್ತೆ ಬರುತ್ತಾರಾ ಅನ್ನುವುದರಲ್ಲಿದೆ.

ಹಾಕುವುದೇ ಆದರೆ ಜಾಗ ಆರಿಸುವಾಗ ಹುಷಾರು. 'ಕರ್ನಾಟಕ' ಅಂತ ಬಿಟ್ಟರೆ ನಿಮ್ಮ ಸಾವಿರ ರೂಪಾಯಿ ರಾಜ್ಯದ ತುಂಬ ಚೆಲ್ಲಿಹೋಗುತ್ತದೆ. ಅಂಗಡಿಯ ಮೇಲೆ ಪಿನ್ ಇಟ್ಟು ಸುತ್ತ ಹತ್ತು ಹದಿನೈದು ಕಿಲೋಮೀಟರ್ ಆರಿಸಿ. ಆಗಲೂ ಆ ಸುತ್ತಳತೆಯಲ್ಲಿ ಇತ್ತೀಚೆಗೆ ಓಡಾಡಿದವರು, ಅಂದರೆ ಹೆದ್ದಾರಿಯಲ್ಲಿ ದಾಟಿ ಹೋದವರೂ ಸೇರಿಕೊಳ್ಳುತ್ತಾರೆ ಅನ್ನೋದು ನೆನಪಿರಲಿ. ಹೋಟೆಲ್‌ಗೆ ಅದು ಒಳ್ಳೆಯದೇ, ಟ್ಯೂಷನ್‌ಗೆ ಅಲ್ಲ. ಲೈಕ್ ಸಿಗುವ ಜಾಹೀರಾತಿಗಿಂತ ನೇರ ವಾಟ್ಸ್‌ಆ್ಯಪ್ ಚಾಟ್ ತೆರೆಯುವ ಜಾಹೀರಾತು ಮೇಲು. ಹಬ್ಬಕ್ಕೆ ಎರಡು ವಾರ ಮುಂಚೆ, ಮದುವೆ ಕಾಲಕ್ಕೆ ಮುಂಚೆ ಹಾಕಿ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಸೀರೆ ಜಾಹೀರಾತು ಹಾಕಿದರೆ ರವಿಕೆ ಹೊಲಿಸೋಕೆ ಸಮಯ ಎಲ್ಲಿ?

ಊರಿನ ಫುಡ್ ಪೇಜ್‌ಗಳು, ವಿಡಿಯೊ ಮಾಡುವ ಹುಡುಗರು ದುಡ್ಡು ಕೇಳುತ್ತಾರೆ. ಕೊಡುವ ಮೊದಲು ಅವರ ಖಾತೆಯ ಅಂಕಿಅಂಶ ತೋರಿಸುವ ಇನ್‌ಸೈಟ್ಸ್‌ನಲ್ಲಿ ಫಾಲೋವರ್ಸ್ ಯಾವ ಊರಿನವರು ಅನ್ನುವ ಪುಟವನ್ನು ತೋರಿಸಲು ಹೇಳಿ. ಐವತ್ತು ಸಾವಿರ ಫಾಲೋವರ್ಸ್‌ನಲ್ಲಿ ತುಮಕೂರಿನವರು ಎಷ್ಟು ಅನ್ನೋದೇ ನಿಮಗೆ ಬೇಕಾದ ಅಂಕಿ. ದುಡ್ಡು ಪಡೆದು ಮಾಡಿದ ವಿಡಿಯೊದಲ್ಲಿ ಅದು ಜಾಹೀರಾತು ಅಂತ ಹೇಳಲೇಬೇಕು. ಜಾಹೀರಾತು ಕ್ಷೇತ್ರದ ಸ್ವಯಂ ನಿಯಂತ್ರಣ ಸಂಸ್ಥೆಯಾದ ಆಸ್ಕಿ 2021ರಲ್ಲೇ ಇದಕ್ಕೆ ಮಾರ್ಗಸೂಚಿ ತಂದಿದೆ.

ಕಾನೂನು, ಮೋಸ

ಗಾಣದ ಎಣ್ಣೆ, ಸಿರಿಧಾನ್ಯ ಮಾರುವವರಲ್ಲಿ ಕೆಲವರು 'ಶುಗರ್ ಮಾಯ', 'ಮಂಡಿನೋವು ಹೋಗುತ್ತದೆ' ಅಂತ ಬರೆಯುತ್ತಾರೆ. ಇದನ್ನು ಬಿಡಲೇಬೇಕು. ನಂಬಿದವರು ಮಾತ್ರೆ ನಿಲ್ಲಿಸಿಬಿಟ್ಟರೆ ಜೀವಕ್ಕೇ ಅಪಾಯ. ಮಧುಮೇಹದಂಥ ಕಾಯಿಲೆ ವಾಸಿ ಮಾಡುತ್ತೇವೆ ಅಂತ ಜಾಹೀರಾತು ಕೊಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯ್ದೆಯೇ ತಡೆಯುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಲು ಅವಕಾಶವಿದೆ. ವಾಟ್ಸ್‌ಆ್ಯಪ್‌ನಲ್ಲಿ ಹಾಕಿದ್ದೂ ಜಾಹೀರಾತೇ.

ಮನೆಯಲ್ಲೇ ತಿಂಡಿ ಮಾಡಿ ಮಾರುವವರಿಗೂ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಆ 14 ಅಂಕಿಯ ಸಂಖ್ಯೆಯನ್ನು ಪ್ಯಾಕೆಟ್ ಮೇಲೂ ಪ್ರೊಫೈಲ್‌ನಲ್ಲೂ ಹಾಕಿದರೆ ದೂರದ ಗಿರಾಕಿಗೆ ಧೈರ್ಯ ಬರುತ್ತದೆ. ಇನ್ನೊಂದು ವಿಷಯ ನಮ್ಮ ಕಡೆಯವರು ಮುಖ್ಯವಾಗಿ ತಿಳಿದಿರಬೇಕು. ಪಾವಗಡದಿಂದ ಆಂಧ್ರ ಕೂಗಳತೆಯಲ್ಲಿದೆ. ಆದರೆ ತೆರಿಗೆ ಇರುವ ಸರಕನ್ನು, ಉದಾಹರಣೆಗೆ ಎಣ್ಣೆಯನ್ನು, ರಾಜ್ಯದ ಗಡಿ ದಾಟಿಸಿ ಮಾರಿದರೆ ಸಾಮಾನ್ಯವಾಗಿ ವಹಿವಾಟು ಎಷ್ಟೇ ಚಿಕ್ಕದಿದ್ದರೂ ಜಿಎಸ್‌ಟಿ ನೋಂದಣಿ ಬೇಕಾಗುತ್ತದೆ. ರಾಜ್ಯದೊಳಗೇ ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷದವರೆಗೆ ಆ ಗೋಜಿಲ್ಲ. ಆರ್ಡರ್ ಬಂತು ಅಂತ ಹೊರರಾಜ್ಯಕ್ಕೆ ಕೊರಿಯರ್ ಮಾಡುವ ಮೊದಲು ಲೆಕ್ಕಪತ್ರ ನೋಡುವವರನ್ನು ಒಂದು ಮಾತು ಕೇಳಿ.

ಗಿರಾಕಿಯ ಫೋಟೊ ಹಾಕುವ ಮುಂಚೆ ಅವರನ್ನು ಕೇಳಿ. ಮದುಮಗಳ ಮೇಕಪ್, ಮಕ್ಕಳ ಹುಟ್ಟುಹಬ್ಬದ ಕೇಕ್ ಇಂಥದ್ದರಲ್ಲಿ ಇದು ಇನ್ನೂ ಮುಖ್ಯ.

ಮೋಸದವರೂ ಗಿರಾಕಿಯ ವೇಷದಲ್ಲೇ ಬರುತ್ತಾರೆ. ದೊಡ್ಡ ಆರ್ಡರ್ ಕೊಟ್ಟು, ಮುಂಗಡ ಕಳಿಸುತ್ತೇವೆ, ಈ ಕೋಡ್ ಸ್ಕ್ಯಾನ್ ಮಾಡಿ ಪಿನ್ ಹಾಕಿ ಅನ್ನುತ್ತಾರೆ. ಯುಪಿಐನಲ್ಲಿ ಹಣ ಪಡೆಯಲು ಪಿನ್ ಹಾಕುವಂತೆಯೇ ಇಲ್ಲ. ಪಿನ್ ಕೇಳಿದರೆ ದುಡ್ಡು ಹೋಗುತ್ತಿದೆ ಅಂತಲೇ ಅರ್ಥ. ಹಣ ಕಳಿಸಿದ ಸ್ಕ್ರೀನ್‌ಶಾಟ್ ನಂಬಬೇಡಿ, ಬ್ಯಾಂಕ್ ಖಾತೆ ನೋಡಿ ಮಾಲು ಕೊಡಿ. ನಿಮ್ಮ ಪೇಜ್ ಹಕ್ಕುಸ್ವಾಮ್ಯ ಉಲ್ಲಂಘಿಸಿದೆ, ಈ ಲಿಂಕ್ ಒತ್ತಿ ಅನ್ನುವ ಮೆಸೇಜ್ ಬಂದರೆ ಒತ್ತಬೇಡಿ, ಖಾತೆಯೇ ಕೈತಪ್ಪುತ್ತದೆ. ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಮ್ ಎರಡರಲ್ಲೂ ಎರಡು ಹಂತದ ಭದ್ರತೆಯನ್ನು ಇವತ್ತೇ ಆನ್ ಮಾಡಿ. ದುಡ್ಡು ಹೋಗಿದ್ದು ಗೊತ್ತಾದ ಗಳಿಗೆಯಲ್ಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ತಡವಾದಷ್ಟೂ ಹಣ ಹಿಂದೆ ಸಿಗುವುದು ಕಷ್ಟ.

ಯಾವುದು ಕೆಲಸ ಮಾಡುತ್ತಿದೆ?

ಇದಕ್ಕೆ ಆ್ಯಪ್‌ನ ಅಂಕಿಗಳಿಗಿಂತ ಗಲ್ಲಾಪೆಟ್ಟಿಗೆ ಪಕ್ಕದ ಒಂದು ನೋಟ್‌ಬುಕ್ ಸಾಕು. ಹೊಸ ಗಿರಾಕಿ ಬಂದಾಗ 'ನಮ್ಮ ಅಂಗಡಿ ಹೇಗೆ ಗೊತ್ತಾಯ್ತು?' ಅಂತ ಕೇಳಿ. ಇನ್‌ಸ್ಟಾಗ್ರಾಮ್, ಗೂಗಲ್, ವಾಟ್ಸ್‌ಆ್ಯಪ್, ಯಾರೋ ಹೇಳಿದರು, ದಾರಿಯಲ್ಲಿ ಬೋರ್ಡ್ ನೋಡಿದೆ ಅಂತ ಐದು ಕಾಲಂ ಎಳೆದು ಒಂದೊಂದು ಗೀಟು ಹಾಕುತ್ತಾ ಹೋಗಿ. ಫೋನಿನಲ್ಲಿ ಆರ್ಡರ್ ಕೊಡುವವರನ್ನೂ ಕೇಳಿ. ಒಂದು ತಿಂಗಳಿಗೆ ತೀರ್ಮಾನ ಮಾಡಬೇಡಿ. ಹಬ್ಬದ ತಿಂಗಳು ಬೇರೆ, ಆಷಾಢ ಬೇರೆ. ಮೂರು ತಿಂಗಳ ಪುಟಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಯಾವ ಕಾಲಂನಲ್ಲಿ ಗೀಟು ಕಡಿಮೆ ಇದೆಯೋ ಅದಕ್ಕೆ ಕೊಡುತ್ತಿದ್ದ ಹೊತ್ತನ್ನು, ಗೀಟು ತುಂಬಿದ ಕಾಲಂಗೆ ಕೊಡಲು ಶುರು ಮಾಡಿ.